ಕೂಗಿ ಹಾಕುವ ವೋಟು

ಅದು ಕುದುರೆಗಾಡಿ ಕಾಲದ ಅಮೆರಿಕ. ಕೆಂಟಕಿ ಸೀಮೆಯಲ್ಲಿ ವೋಟೆಂದರೆ ಎಲ್ಲರೆದುರು ನಿಂತು ಹೆಸರು ಕೂಗುವುದು. ಸಂಸತ್ತಿಗೆ ನಿಂತ ವಕೀಲರೂ ಅವರ ಎದುರಾಳಿ ಗಿರಣಿ ಸಾಹುಕಾರರೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಂಜೆಗೆ ಇಬ್ಬರೂ ಸಮಸಮ. ಉಳಿದಿದ್ದವನು ಅಮೋಸ್ ಒಬ್ಬನೇ. ಕುದುರೆ ಕದ್ದು ಸಿಕ್ಕಿಬಿದ್ದಿದ್ದ ಅವನನ್ನು, ಹುಚ್ಚನೆಂದು ವಾದಿಸಿ ನೇಣಿನಿಂದ ಬಿಡಿಸಿದ್ದು ಇದೇ ವಕೀಲರು.

ಅವನು ಬಂದದ್ದೇ ವಕೀಲರು ಮೀಸೆಯಲ್ಲೇ ನಕ್ಕರು. ಸಾಹುಕಾರರು ಎದ್ದರು.

"ಹುಚ್ಚರಿಗೆ ವೋಟಿಲ್ಲ. ಇವನಿಗೆ ಹುಚ್ಚು ಅಂತ ಕೋರ್ಟಲ್ಲಿ ಕಣ್ಣೀರು ಹಾಕಿದ್ದು ನೀವೇ ಅಲ್ವೇನ್ರಿ?"

"ಅದು ಕೋರ್ಟು, ಇದು ಎಲೆಕ್ಷನ್ನು," ಎಂದರು ವಕೀಲರು.

"ಹಂಗಾದ್ರೆ ಇವನು ಹುಚ್ಚನಲ್ಲ ಅಂತ ಬೈಬಲ್ ಮುಟ್ಟಿ ಹೇಳಿಬಿಡಿ," ಎಂದ ವೋಟು ಬರೆದುಕೊಳ್ಳುತ್ತಿದ್ದ ಗುಮಾಸ್ತ.

ವಕೀಲರು ಮುಟ್ಟಿದರು. "ಇವನ ತಲೆ ನಿಮ್ಮೆಲ್ಲರ ತಲೆಗಿಂತ ನೆಟ್ಟಗಿದೆ. ಕೋರ್ಟಲ್ಲಿ ನಾನು ಬಿಟ್ಟಿದ್ದು ಬರೀ ಬುರುಡೆ."

ಜನ ಗೊಳ್ಳೆಂದರು. ಗುಮಾಸ್ತ ಲೇಖನಿಯನ್ನು ಮಸಿಗೆ ಅದ್ದಿದ. "ಸರಿ, ಯಾರಿಗಪ್ಪಾ ನಿನ್ನ ವೋಟು?"

ಅಮೋಸ್ ಟೊಪ್ಪಿಗೆ ತೆಗೆದು ವಕೀಲರಿಗೆ ತಲೆಬಾಗಿದ.

"ನನ್ನ ತಲೆ ನೆಟ್ಟಗಿದೆ ಅಂತ ನೀವೇ ಹೇಳಿದ್ಮೇಲೆ ಇನ್ನೇನು ಸ್ವಾಮಿ, ನನ್ನ ವೋಟು ಸಾಹುಕಾರ್ರಿಗೆ."