ಹಲಸೂರಿನಲ್ಲೊಂದು ಅಮೆಜಾನ್

ಪಟಾಲಮ್ಮ ಸುಣ್ಣದ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಇನ್ನೊಂದು ಕೈ ಗೋಡೆಯ ಮೇಲಿನ ಹೊಸ ಕೆಂಪು ಕಲೆಯನ್ನು ತೋರಿಸುತ್ತಿತ್ತು. ಕಲೆ ಇನ್ನೂ ಹಸಿಯಾಗಿತ್ತು.

“ಡಾಕ್ಟ್ರೇ, ಇದು ಗೋಡೆನೋ, ಓಕುಳಿ ಆಡೋ ಜಾಗನೋ?”

ಹಲ್ಲಿನ ಡಾಕ್ಟರ್ ಕಿರಣಕುಮಾರ ತಲೆ ತಗ್ಗಿಸಿದ. ಹಲಸೂರು ಮಾರ್ಕೆಟ್ಟಿನ ಹಿಂದಿನ ಆ ಮಹಡಿಗೆ ಅವನು ಬಾಡಿಗೆದಾರ. ಕೆಳಗಿನ ಮನೆಯ ಪಟಾಲಮ್ಮ ಅದರ ಮಾಲಕಿ. ಅವನ ರೋಗಿಗಳಲ್ಲಿ ಮುಕ್ಕಾಲು ಪಾಲು ಎಲೆಅಡಿಕೆಯವರು. ಅವರು ಜಗಿಯದಿದ್ದರೆ ಇವನ ಒಲೆ ಉರಿಯುತ್ತಿರಲಿಲ್ಲ. ಆದರೆ ಬಾಯಿ ತುಂಬಿಕೊಂಡು ಡಾಕ್ಟರ ಮುಂದೆ ಕೂರಲು ಅವರಿಗೆ ಸಂಕೋಚ. ಆ ಸಂಕೋಚವನ್ನು ಮೆಟ್ಟಿಲ ಗೋಡೆಗೆ ಒಪ್ಪಿಸಿ ಒಳಗೆ ಬರುತ್ತಿದ್ದರು.

ಗಣಪತಿ, ಶಿಲುಬೆ, ಮೆಕ್ಕಾ ಮೂರೂ ಇರುವ ಟೈಲ್ಸ್ ಅಂಟಿಸಿ ನೋಡಿದ್ದಾಗಿತ್ತು. ಜನ ಭಯಭಕ್ತಿಯುಳ್ಳವರು, ಟೈಲ್ಸಿನ ಪಕ್ಕಕ್ಕೆ ಗುರಿಯಿಟ್ಟರು.

“ಅಗ್ರಿಮೆಂಟು ಮುಗಿಯೋಕ್ ಬಂತು. ಹೀಗೇ ಆದ್ರೆ ನಿಮ್ಮ ಕುರ್ಚಿ ಬೀದೀಲಿರುತ್ತೆ” ಎಂದು ಪಟಾಲಮ್ಮ ಇಳಿದು ಹೋದಳು.

“ಒಂದು ಪೀಕದಾನಿ ಇಟ್ಬಿಡ್ರಿ ಸರ” ಎಂದಳು ಉಮಾಶ್ರೀ. ಯಾದಗಿರಿ ಕಡೆಯ ಹುಡುಗಿ. ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸಿ ಒಳಗೆ ಕಳಿಸುವುದು ಅವಳ ಕೆಲಸ.

“ಎಲೆಅಡಿಕೆ ಬಿಡಿ ಅನ್ನೋ ನಾನೇ ಉಗುಳೋಕೆ ಪಾತ್ರೆ ಇಡ್ಲಾ? ಪ್ರಾಣ ಹೋದ್ರೂ ಇಲ್ಲ.”

ಮರುದಿನ ಉಮಾಶ್ರೀ ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿ ಊರಿನ ಬಸ್ಸು ಹತ್ತಿದಳು.

ಡಾಕ್ಟರನ ಪ್ರಾಣವಿದ್ದದ್ದು ಹೊರಗಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ. ಹಸಿರು ಗಿಡಗಳ ನಡುವೆ ತಟ್ಟೆಯಂಥ ಡಿಸ್ಕಸ್ ಮೀನುಗಳು ರಾಜಗಾಂಭೀರ್ಯದಿಂದ ತೇಲುತ್ತಿದ್ದವು. ಮೀನಿಗೆ ಬೆಚ್ಚಗಿನ ನೀರು ಬೇಕು; ಆ ಶಾಖಕ್ಕೆ ಗಿಡಗಳು ಕೊಳೆಯುತ್ತಿದ್ದವು. ಶಿವಾಜಿನಗರದ ಮೀನು ವ್ಯಾಪಾರಿ ಇನಾಯತ್ ಉಲ್ಲಾ ತನ್ನ ಎಂ-80 ಗಾಡಿಯಲ್ಲಿ ಬಂದು ನೋಡಿದ.

“ಇವನ ಊರು ಅಮೆಜಾನ್, ಡಾಕ್ಟರ್ ಸಾಬ್. ಅಲ್ಲಿ ಇವನಿಗೆ ಗಾರ್ಡನ್ ಯಾರು ಮಾಡಿ ಕೊಟ್ರು? ನೀರು ಪೂರಾ ಹಾಲಿಲ್ಲದ ಸುಲೇಮಾನಿ ಚಾಯ್. ಕೆಳಗೆ ಒಣಗಿದ ಎಲೆ, ಮರದ ಬೇರು. ಅಷ್ಟೇ.”

ಡಾಕ್ಟರ ಗಿಡಗಳನ್ನು ಕಿತ್ತ. ಮರಳು ಹಾಸಿದ, ಬೇರಿನ ತುಂಡುಗಳನ್ನು ನಿಲ್ಲಿಸಿದ, ಇನಾಯತ್ ಕೊಟ್ಟ ಒಣಗಿದ ಬಾದಾಮಿ ಎಲೆ ಸುರಿದ. ಕಾಡಿನ ನೆರಳಿರಲಿ ಎಂದು ದೀಪ ಬಿಚ್ಚಿದ. ಮುಚ್ಚಳವನ್ನೂ ತೆಗೆದ, ನದಿಗೆಲ್ಲಿಯ ಮುಚ್ಚಳ? ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಮೀನುಗಳು ಬೇರಿನ ಹಿಂದೆ ಮರೆಯಾದವು.

ರಜೆ ಮುಗಿಸಿ ಬಂದ ಉಮಾಶ್ರೀ ತೊಟ್ಟಿಯ ಮುಂದೆ ನಿಂತೇಬಿಟ್ಟಳು.

“ಕಡೀಕೂ ಮನಸ್ಸು ಮಾಡಿದ್ರಲ್ರಿ ಸರ” ಎಂದಳು. “ಇಷ್ಟು ಚಂದ ಮಾಡಸ್ತೀರಿ ಅಂದ್ಕೊಂಡಿದ್ದಿಲ್ಲ.”

ಇನಾಯತ್‌ನನ್ನು ಬಿಟ್ಟರೆ ಈ ಜಗತ್ತಿನಲ್ಲಿ ಅವನನ್ನು ಅರ್ಥ ಮಾಡಿಕೊಂಡವಳು ಇವಳೊಬ್ಬಳೇ. ಡಾಕ್ಟರ ಕರ್ಚೀಫಿನಿಂದ ತೊಟ್ಟಿಯ ಗಾಜು ಒರೆಸಿದ.

“ಬಂದೋರಿಗೆಲ್ಲ ಇದನ್ನ ತೋರಿಸಮ್ಮ.”

“ತೋರ್ಸದ ಬಿಡ್ತೀನೇನ್ರಿ?”

ಆಮೇಲೆ ನಡೆದದ್ದು ಪವಾಡ. ಗೋಡೆಯ ಮೇಲೆ ಕಲೆ ಬೀಳುವುದು ನಿಂತಿತು. ಪಟಾಲಮ್ಮ ದಿನಾ ಮೆಟ್ಟಿಲು ಹತ್ತಿ ಗೋಡೆ ಸವರಿ ನೋಡಿ, ಬೈಯಲು ಏನೂ ಸಿಗದೆ ಇಳಿಯುತ್ತಿದ್ದಳು.

ಕಾರಣ ಡಾಕ್ಟರನಿಗೆ ಹೊಳೆಯಿತು. ಬಾಗಿಲ ಸಂದಿಯಿಂದ ಅವನು ಕಣ್ಣಾರೆ ಕಂಡಿದ್ದ. ಬಂದವರು ಮೊದಲು ತೊಟ್ಟಿಯ ಬಳಿ ಹೋಗುತ್ತಿದ್ದರು. ಅವನ ಕಡೆ ಬೆನ್ನು ಮಾಡಿ, ಬಗ್ಗಿ, ಒಂದು ಕ್ಷಣ ಮೌನವಾಗಿ ನಿಂತು, ಹಗುರಾದ ಮುಖದಿಂದ ತಿರುಗುತ್ತಿದ್ದರು. ತರಕಾರಿ ಮಂಡಿಯ ದೊಡ್ಡಮುನಿಯಪ್ಪ ಬರುವಾಗ ಏನು ಕೇಳಿದರೂ ಬರೀ ‘ಹೂಂ’ ಎನ್ನುತ್ತಿದ್ದವನು, ತೊಟ್ಟಿ ನೋಡಿ ಒಳಗೆ ಬಂದರೆ ಮೊಮ್ಮಕ್ಕಳ ತನಕ ಮಾತಾಡುತ್ತಿದ್ದ. ಪ್ರಕೃತಿಯ ಮುಂದೆ ಮನುಷ್ಯ ಮೊದಲು ಬಾಗುತ್ತಾನೆ, ಆಮೇಲೆ ಬಾಯಿ ಬಿಡುತ್ತಾನೆ. ಅಂಥವನು ಗೋಡೆಗೆ ಉಗುಳುತ್ತಾನೆಯೇ? ದಂತವೈದ್ಯರ ಸಂಘದಲ್ಲಿ ಇದರ ಬಗ್ಗೆ ಒಂದು ಭಾಷಣ ಮಾಡಬೇಕು ಎಂದುಕೊಂಡ.

“ಮಂದಿಗೆ ಭಾಳ ಅನುಕೂಲ ಆಗೇದ್ರಿ ಸರ” ಎಂದು ಉಮಾಶ್ರೀಯೂ ಒಪ್ಪಿದಳು.

ನೀರಿನ ಬಣ್ಣ ಮಾತ್ರ ಏರುತ್ತಲೇ ಇತ್ತು. ಹಾಕಿದ್ದ ಬಾದಾಮಿ ಎಲೆಯಲ್ಲಿ ಅರ್ಧ ತೆಗೆದರೂ ಏರಿತು.

“ನನ್ನ ಎಲೆ ಇಷ್ಟು ಕೆಂಪು ಬಿಡಲ್ಲ ಸಾಬ್” ಎಂದ ಇನಾಯತ್, ತಲೆ ಕೆರೆದುಕೊಳ್ಳುತ್ತ. “ನಿಮ್ಮ ಕೈಗುಣ.”

ಮೀನುಗಳಿಗೂ ಕಾಡಿನ ನಾಚಿಕೆ ಮರಳಿತ್ತು. ರಜೆಯ ದಿನ ಅವನೊಬ್ಬನೇ ಕೂತು ಆಹಾರ ಹಾಕಿದರೆ ಮಾತ್ರ ಬೇರಿನ ಹಿಂದಿನಿಂದ ಮೂತಿ ತೋರಿಸುತ್ತಿದ್ದವು. ಉಳಿದ ದಿನ ಇವೆಯೆಂದೇ ಗೊತ್ತಾಗುತ್ತಿರಲಿಲ್ಲ.

ಅಗ್ರಿಮೆಂಟು ಮುಗಿಯುವ ದಿನ ಪಟಾಲಮ್ಮ ರೇಷ್ಮೆ ಸೀರೆಯುಟ್ಟು, ತಾಂಬೂಲದ ತಟ್ಟೆ ಹಿಡಿದು ಮೇಲೆ ಬಂದಳು.

“ಗೋಡೆ ಹಾಲಿನ ಹಾಗಿದೆ. ಇಲ್ಲೇ ಇರಿ ಡಾಕ್ಟ್ರೇ. ಆದ್ರೆ ಎಲೆಅಡಿಕೆ ಹಾಕ್ಕೊಳ್ದೆ ನಮ್ಮಲ್ಲಿ ಮಾತು ಗಟ್ಟಿಯಾಗಲ್ಲ.”

ಡಾಕ್ಟರ ಹುಟ್ಟಿದಾರಭ್ಯ ಎಲೆ ಮುಟ್ಟಿದವನಲ್ಲ. ಒಳಗಿನ ತನ್ನ ಕುರ್ಚಿಯ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ ಬಾಯಿಗಿಟ್ಟ. ಪಟಾಲಮ್ಮನೂ ಒಂದು ಮಡಿಸಿ ಹಾಕಿಕೊಂಡಳು. ಇಬ್ಬರೂ ಜಗಿದರು. ಮಾತು ಗಟ್ಟಿಯಾಯಿತು. ಡಾಕ್ಟರನ ಬಾಯಿ ತುಂಬಿತು. ನುಂಗಲು ಗಂಟಲು ಒಪ್ಪಲಿಲ್ಲ.

ಪಟಾಲಮ್ಮನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಅವಳು ಹುಬ್ಬೇರಿಸಿ ಅವನ ಕಡೆ ನೋಡಿದಳು, ಅಪ್ಪಣೆ ಕೇಳುವವಳಂತೆ. ಡಾಕ್ಟರ ಹಿಗ್ಗಿಹೋದ. ಮಾತಾಡಲಾಗದೆ, ಎರಡೂ ಕೈ ಚಾಚಿ ಸೊಂಟ ಬಗ್ಗಿಸಿ, ಧಾರಾಳವಾಗಿ ಎಂಬಂತೆ ತನ್ನ ಅಮೆಜಾನನ್ನು ತೋರಿಸಿದ.

ಪಟಾಲಮ್ಮ ಬಗ್ಗಿ, ಪಿಚಕ್ಕನೆ ಅದರೊಳಕ್ಕೆ ಉಗುಳಿ, ಸೆರಗಿನಲ್ಲಿ ತುಟಿ ಒರೆಸಿಕೊಂಡಳು.

“ನೀವೂ ಅಲ್ಲೇ ಉಗುಳ್ರಿ ಸರ” ಎಂದಳು ಉಮಾಶ್ರೀ, ಚೀರಲು ಬಾಯಿ ತೆರೆಯಲಾಗದೆ ನಿಂತ ಡಾಕ್ಟರನಿಗೆ ದಾರಿ ಬಿಡುತ್ತ. “ಮೀನು ಮಾರಿ ಪೀಕದಾನಿ ಮಾಡ್ಸಿದ ಮ್ಯಾಲ ಇನ್ನ ನಾಚ್ಕಿ ಯಾಕ್ರಿ?”