ಮೊದಲು ಕ್ಷಮಿಸಿದವರು ಯಾರು

"ನಿನಗೆ ಯಾರ ಮೇಲಾದರೂ ಮನಸ್ತಾಪ ಇದೆಯಾ, ದಾಸಮ್ಮ?" ಎಂದು ಪಾದ್ರಿ ಅಯ್ಯನವರು ಕೇಳಿದಾಗ ಅವಳು ಆಗಲೇ ಮಂಡಿಯೂರಿ, ಕರ್ತನ ಭೋಜನದ ರೊಟ್ಟಿಗಾಗಿ ಅಂಗೈ ಮೇಲೆ ಅಂಗೈ ಇಟ್ಟು ಚಾಚಿದ್ದಳು.

"ಯಾರ ಮೇಲೂ ಇಲ್ಲ ಅಯ್ನೋರೆ," ಎಂದಳು. ದೇವರ ಮುಂದೆ ಸುಳ್ಳಾಡಬಾರದೆಂಬುದು ನೆನಪಾಗಿ, "ಈರಿ ಒಬ್ಬಳನ್ನ ಬುಟ್ಟು," ಎಂದು ಸೇರಿಸಿದಳು.

ಹೆಂಚಿನ ಪ್ರಾರ್ಥನಾ ಮಂದಿರದಲ್ಲಿ ಕುಳಿತಿದ್ದ ಇಪ್ಪತ್ತು ಮಂದಿಯೂ ಕಿಸಕ್ಕೆಂದರು. ದಾಸಮ್ಮನ ಓರಗಿತ್ತಿ ಈರಕ್ಕ ಕಂಬದ ಮರೆಯಿಂದ ಎದ್ದು, "ನೋಡಿ ಅಯ್ನೋರೆ, ನಂಗೇನೂ ಇಲ್ಲ. ಈಯಮ್ಮನೇ ಹೊಟ್ಟೇಲಿ ಮಡಿಕ್ಕೊಂಡವ್ಳೆ," ಎಂದಳು.

ಜಗಳ ಕೋಳಿಯದು. ದಾಸಮ್ಮನ ಕರಿ ಹ್ಯಾಟೆ ದಿನಾ ಗೋಡೆ ಹಾರಿ ಹೋಗಿ ಈರಕ್ಕನ ಕುಕ್ಕೆಯಲ್ಲಿ ಮೊಟ್ಟೆ ಇಡುತ್ತಿತ್ತು. ಕೋಳಿ ನಂದು, ಮೊಟ್ಟೆಯೂ ನಂದು ಎಂದು ಇವಳು. ಕುಕ್ಕೆ ನಂದು, ಅದು ಕೆದಕಿ ತಿಂದ ರಾಗಿಯೂ ನಂದು, ಆದ್ದರಿಂದ ಮೊಟ್ಟೆ ನಂದು ಎಂದು ಅವಳು. ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು.

ಅಯ್ಯನವರು ಪುಸ್ತಕ ಮುಚ್ಚಿದರು. "ಇಬ್ಬರೂ ಅಂಗಳಕ್ಕೆ ಹೋಗಿ ರಾಜಿಯಾಗಿ ಬನ್ನಿ. ಅಲ್ಲೀವರೆಗೆ ರೊಟ್ಟಿ ಇಲ್ಲ. ಹನ್ನೆರಡಕ್ಕೆ ನನ್ನ ಬಸ್ಸು."

ಅಯ್ಯನವರು ತುಮಕೂರಿನಿಂದ ಬರುತ್ತಿದ್ದುದೇ ಮೂರು ತಿಂಗಳಿಗೊಮ್ಮೆ. ಹೋದ ಸಲ ಬಸ್ಸು ಕೆಟ್ಟು ಅದೂ ತಪ್ಪಿತ್ತು. ಕೊರಟಗೆರೆ ಸಂತೆಗೆ ಹೋದಾಗ ಹೋಟೆಲಿನವನು ದಾಸಮ್ಮನಿಗೆ ಟೀ ಕೊಡುತ್ತಿದ್ದುದು ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟದಲ್ಲಿ. ಅವಳು ಬಾಯಿಟ್ಟ ಬಟ್ಟಲಿಗೆ ಹೊರಗಿನವರೊಬ್ಬರು ಬಾಯಿಡುತ್ತಿದ್ದುದು ಈ ಕರ್ತನ ಭೋಜನದಲ್ಲಿ ಮಾತ್ರ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ ದ್ರಾಕ್ಷಾರಸವನ್ನು ಅಯ್ಯನವರೇ ಕುಡಿದು ಮುಗಿಸುತ್ತಿದ್ದರು. ಒಂದು ಕೋಳಿಯ ದೆಸೆಯಿಂದ ಅದನ್ನು ಬಿಡುವುದು ಅವಳಿಂದ ಆಗದು. ಹಾಗೆಂದು ಮೊಟ್ಟೆಗಳನ್ನು ಬಿಡಲಿಕ್ಕೂ ಆಗದು.

ಹೊರಗೆ ಬೇವಿನ ಮರದಡಿ ನಿಂತು ಅವಳೇ ಶುರುಮಾಡಿದಳು. "ಲೇ ಈರಿ, ನಿನ್ನ ಕ್ಷಮಿಸಿವ್ನಿ ಕಣೆ. ನಡಿ ಒಳಕ್ಕೆ."

"ನೀನ್ಯಾಕಕ್ಕ ಕ್ಷಮಿಸ್ತೀಯ? ತಪ್ಪು ನಿಂದು. ನಾನು ಕೀರ್ತನೆ ಹಾಡೋವಾಗ್ಲೇ ನಿನ್ನ ಕ್ಷಮಿಸಿಬುಟ್ಟೆ."

"ನಾನು ಬೆಳಗ್ಗೆ ಬಾಗ್ಲು ಸಾರಿಸೋವಾಗ್ಲೇ ಕ್ಷಮಿಸ್ದೆ!"

"ಬೆಳಗ್ಗೆ ಕ್ಷಮಿಸಿದೋಳು ನಮ್ಮ ಬಾಗ್ಲಿಗ್ಯಾಕೆ ಕಸ ತಳ್ಳಿದ್ದು?"

"ತಳ್ಳಿದ ಮೇಲೇ ಕ್ಷಮಿಸಿದ್ದು ಕಣೆ!"

ಹೀಗೆ ಕಾಲು ಗಂಟೆ ನಡೆಯಿತು. ಪಕ್ಕದ ಹಿತ್ತಲಿನಿಂದ ಬಂದ ಕರಿ ಹ್ಯಾಟೆ ಅವರಿಬ್ಬರ ಕಾಲ ನಡುವೆಯೇ ಹಾದು, ತೆರೆದ ಬಾಗಿಲಲ್ಲಿ ಒಳಕ್ಕೆ ನುಗ್ಗಿದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಅಯ್ಯನವರು ಬಿಳಿ ನಿಲುವಂಗಿಯ ಅಂಚನ್ನು ಎತ್ತಿ ಹಿಡಿದುಕೊಂಡು ಹೊರಬಂದು ವಾಚು ನೋಡಿದರು. "ಆಯ್ತಾ?"

"ಆಯ್ತು ಅಯ್ನೋರೆ," ಎಂದಳು ದಾಸಮ್ಮ. "ಮೊದ್ಲು ಕ್ಷಮಿಸಿದ್ದು ನಾನು ಅಂತ ಒಂದು ಮಾತು ಎಲ್ಲಾರ ಮುಂದೆ ಹೇಳ್ಬುಡಿ, ಸಾಕು."

"ಅಂಗೇನಾದ್ರೂ ಹೇಳಿದ್ರೆ ನಾನು ಮನೆಗೋಯ್ತೀನಿ," ಎಂದಳು ಈರಕ್ಕ.

ಅಯ್ಯನವರು ಇಬ್ಬರನ್ನೂ ನೋಡಿದರು. ಆಮೇಲೆ ಬಸ್ಸು ಬರುವ ದಿಕ್ಕು ನೋಡಿದರು. "ಈ ಬೆಳಗ್ಗೆ ಕಂಡಕ್ಟರು ನನ್ನನ್ನ ಮುಕ್ಕಾಲು ಮೈಲಿ ಆಚೆ ಇಳಿಸಿಬಿಟ್ಟ. 'ನಡೀರಿ, ದೇವ್ರು ಜೊತೇಲವ್ನಲ್ಲ' ಅಂದ. ಅವನಿಗೆ ಎರಡು ಬಿಗಿಯಬೇಕು ಅನ್ನೋ ಆಸೆ ನನಗಿನ್ನೂ ಹೋಗಿಲ್ಲ. ನಿಮಗೆ ಉಪದೇಶ ಮಾಡುವಾಗಲೂ ಇತ್ತು."

ಇಬ್ಬರೂ ಬಾಯಿ ಬಿಟ್ಟುಕೊಂಡು ಕೇಳಿದರು. ಪಾದ್ರಿಗೆ ಹೊಡೆಯುವ ಆಸೆ ಬರುತ್ತದೆಂದು ದಾಸಮ್ಮನಿಗೆ ಗೊತ್ತಿರಲಿಲ್ಲ.

"ಅವನ ಹತ್ತಿರ ರಾಜಿಯಾಗಬೇಕಾದರೆ ನಾನು ಅವನ ಬಸ್ಸಿನ ಹಿಂದೆ ಪಾವಗಡಕ್ಕೆ ಹೋಗಬೇಕು. ಕೋಪ ಪೂರ್ತಿ ಇಳಿದವರಿಗೇ ಅಂತ ಕಾದರೆ ಈ ರೊಟ್ಟೀನ ಮುಟ್ಟದೆ ವಾಪಸ್ ತಗೊಂಡು ಹೋಗಬೇಕಾಗುತ್ತೆ. ಎಷ್ಟು ಇಳಿದಿದೆಯೋ ಅಷ್ಟರಲ್ಲೇ ಬನ್ನಿ. ಉಳಿದದ್ದನ್ನ ಕರ್ತ ನೋಡ್ಕೊಳ್ಳಲಿ."

"ನಂದು ಮುಕ್ಕಾಲು ಪಾಲು ಇಳಿದದೆ," ಎಂದಳು ದಾಸಮ್ಮ.

"ನಂದು ಅದ್ಕಿಂತ ಒಸಿ ಜಾಸ್ತಿ," ಎಂದಳು ಈರಕ್ಕ.

ಇಬ್ಬರೂ ಒಳಗೆ ಹೋಗಿ ಪಕ್ಕಪಕ್ಕದಲ್ಲಿ ಮಂಡಿಯೂರಿದರು. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದರು. ಅಯ್ಯನವರು ಬ್ರೆಡ್ಡಿನ ಚೂರನ್ನು ಮೊದಲು ಯಾರ ಕೈಗಿಡುತ್ತಾರೆಂದು ಸಭೆಯೆಲ್ಲ ಕತ್ತು ಉದ್ದ ಮಾಡಿತು. ಅವರು ಎರಡು ಕೈಯಲ್ಲಿ ಎರಡು ಚೂರು ಹಿಡಿದು ಒಟ್ಟಿಗೇ ಇಟ್ಟರು.

ಚೂರು ಬಾಯಿಗೆ ಹೋದ ಮರುಗಳಿಗೆಯೇ ಮೇಜಿನ ಬಿಳಿ ಬಟ್ಟೆಯ ಕೆಳಗಿನಿಂದ ಕೊಕ್ಕೊಕ್ಕೊಕ್ಕೋ ಎಂದು ಕೇಕೆ ಎದ್ದಿತು. ಕರಿ ಹ್ಯಾಟೆ ಈಚೆ ಬಂದು ರೆಕ್ಕೆ ಕೊಡವಿ, ಇಡೀ ಸಭೆಗೆ ಸುದ್ದಿ ಹೇಳಿ ಹೊರಗೆ ನಡೆಯಿತು. ಬಟ್ಟೆ ಸರಿದಿದ್ದ ಕಡೆ ಮೇಜಿನಡಿ, ಬಟ್ಟಲು, ತಟ್ಟೆ ಇಟ್ಟುಕೊಂಡು ಅಯ್ಯನವರು ತುಮಕೂರಿನಿಂದ ತಂದಿದ್ದ ಬೆತ್ತದ ಬುಟ್ಟಿಯಲ್ಲಿ ಬೆಚ್ಚಗಿನ ಮೊಟ್ಟೆಯೊಂದು ಕೂತಿತ್ತು.

ದಾಸಮ್ಮ ಮೊಟ್ಟೆ ನೋಡಿದಳು, ಬುಟ್ಟಿ ನೋಡಿದಳು, ಈರಕ್ಕನನ್ನು ನೋಡಿದಳು. ಈರಿಯ ನ್ಯಾಯದ ಪ್ರಕಾರ ಅದೀಗ ಅಯ್ಯನವರ ಮೊಟ್ಟೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. ಈರಕ್ಕನ ಕಣ್ಣಿನಲ್ಲೂ ಉತ್ತರ ಸಿದ್ಧವಾಗಿತ್ತು. ಆದರೆ ರೊಟ್ಟಿ ಬಾಯಲ್ಲಿರುವ ತನಕ ಮಾತಾಡಬಾರದು ಎಂಬುದು ಅಲ್ಲಿನ ನಿಯಮ. ನುಂಗಿದರೆ ಬಾಯಿ ತೆರೆಯುತ್ತದೆ. ತೆರೆದರೆ ಏನು ಬರುತ್ತದೆಂದು ದಾಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅಯ್ಯನವರು ಬಟ್ಟಲು ಹಿಡಿದು ಕಾಯುತ್ತಿದ್ದರು. ದಾಸಮ್ಮ ಆ ಚೂರನ್ನು ದವಡೆಯ ಮೂಲೆಗೆ ತಳ್ಳಿ ಭದ್ರವಾಗಿ ಕಚ್ಚಿ ಹಿಡಿದಳು. ಪಕ್ಕದಲ್ಲಿ ಈರಕ್ಕನ ದವಡೆಯೂ ಅಲುಗಲಿಲ್ಲ.