ಹಿಂದಿನ ಸೀಟಿನ ನೂರ ಹತ್ತು ಕಿಲೋ

ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ, ಮನೆಯ ಸುತ್ತಲೇ ಹೆಜ್ಜೆಗೊಂದು ಟಯರ್ ಅಂಗಡಿಯಿರುವಾಗ ಹೆಂಡತಿ ದೂರದ ಕಳಂಬೋಲಿಗೇ ಹೋಗೋಣ ಎಂದಳಲ್ಲ, ಸರ್ವೋತ್ತಮ ರಾಯರಿಗೆ ಆಗಲೇ ವಾಸನೆ ಬಡಿದಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಜಲಜಾಕ್ಷಿ ಕಾರಿನ ಟಯರನ್ನು ಕಣ್ಣೆತ್ತಿ ನೋಡಿದವಳಲ್ಲ. ಈಗ ಕಬ್ಬಿಣದ ಮಾರ್ಕೆಟ್ಟಿನ ಲಾರಿಗಳ ನಡುವೆ, ಮುರಾರಿ ಎಂಬವನ ಟಯರ್ ಅಂಗಡಿಯ ಸ್ಟೂಲಿನಲ್ಲಿ ಕೂತು, ಬದನೆಕಾಯಿ ಆರಿಸುವ ಹಾಗೆ ಒಂದೊಂದು ಟಯರನ್ನೂ ಒತ್ತಿ ನೋಡುತ್ತಿದ್ದಳು.

“ಹಿಂದಿನ ಸೀಟಿಗೆ ನೂರು ಕಿಲೋದ ಮೇಲೆ ಭಾರ ಬಿದ್ದರೆ ಇದು ತಡೀತದಾ?” ಎಂದು ಮುರಾರಿಯನ್ನು ಕೇಳಿದಳು.

ರಾಯರ ಕಿವಿ ನೆಟ್ಟಗಾಯಿತು. ಬರುವ ಗುರುವಾರ ಗಂಡ ಹೆಂಡತಿ ಕಾರಿನಲ್ಲಿ ಉಡುಪಿಗೆ ಹೊರಟಿದ್ದರು. ಇಬ್ಬರೇ ಎಂದು ಮಾತಾಗಿತ್ತು. ಮತ್ತೆ ಈ ನೂರು ಕಿಲೋ ಎಲ್ಲಿಂದ ಬಂತು?

ಎಲ್ಲಿಂದ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಮಧ್ವೇಶ ಎಂದು ಹೆಸರು.

ಮಧ್ವೇಶ ಜಲಜಾಕ್ಷಿಯ ತಮ್ಮ. ಕಲ್ಯಾಣದಲ್ಲಿ ಕಿರಾಣಿ ಅಂಗಡಿ, ಆನೆಯಂಥ ಮೈ. ಕಳೆದ ವರ್ಷ ರಾಯರ ಎದೆಗೆ ಸ್ಟೆಂಟ್ ಹಾಕಿ ಮೂರು ತಿಂಗಳಾಗಿತ್ತಷ್ಟೆ, ಒಂದು ಉಪನಯನದ ಊಟದಲ್ಲಿ ಇಡೀ ಹಾಲ್ ಕೇಳುವಂತೆ “ಭಾವನಿಗೆ ಎರಡು ಕುರ್ಚಿ ಹಾಕಿ!” ಎಂದು ಕೂಗಿದ್ದ. ಜನ ಬಿದ್ದು ಬಿದ್ದು ನಕ್ಕರು. ಅಂದೇ ರಾಯರು ಎರಡು ಶಪಥ ಮಾಡಿದರು: ಈ ಜನ್ಮದಲ್ಲಿ ತೂಕದ ಯಂತ್ರ ಹತ್ತುವುದಿಲ್ಲ, ಮಧ್ವೇಶನನ್ನು ಕಾರಿಗೆ ಹತ್ತಿಸುವುದಿಲ್ಲ. ಡಾಕ್ಟರು ಕೇಳಿದರೂ “ತೊಂಬತ್ತು, ಬರೆದುಕೊಳ್ಳಿ” ಎಂದು ಬಾಯಲ್ಲೇ ತೂಗಿಬಿಡುತ್ತಿದ್ದರು.

“ಸಾಹೇಬ್ರ, ಇಲ್ಲಿ ನೋಡ್ರಿ,” ಎಂದ ಧಾರವಾಡದ ಕಡೆಯ ಮುರಾರಿ, ಟಯರಿನ ಪಕ್ಕದ ಅಂಕಿಗೆ ಬೆರಳಿಟ್ಟು. “ಸೈಜಿನ ಮುಂದ ಎಪ್ಪತ್ತೈದು ಅಂತ ಐತಲ್ರಿ, ಅದು ಭಾರದ ನಂಬರ್. ಒಂದು ಟಯರು ಮುನ್ನೂರ ಎಂಬತ್ತೇಳು ಕಿಲೋ ಹೊರತೈತಿ. ಆ ಸಸ್ತಾದ್ದು ಎಪ್ಪತ್ತೊಂದು. ಮುನ್ನೂರ ನಲವತ್ತೈದಕ್ಕ ಮುಗೀತು. ನಿಮ್ಮ ಗಾಡಿಗೆ ಎಪ್ಪತ್ತೈದು ಬೇಕಂತ ಕಂಪನಿಯವ್ರ ಬರದಾರ.”

“ಎಪ್ಪತ್ತೊಂದೇ ಹಾಕು,” ಎಂದರು ರಾಯರು, ಹೆಂಡತಿಯ ಕಡೆ ಓರೆಗಣ್ಣಿಟ್ಟು. “ನಾವು ಹೋಗುವುದು ಇಬ್ಬರೇ. ಅಲ್ವಾ ಮಾರಾಯ್ತಿ?”

“ಇಬ್ಬರೇ,” ಎಂದಳು ಜಲಜಾಕ್ಷಿ. “ಆದರೂ ಭಾರ ಎಷ್ಟುಂಟು ಅಂತ ಯಾರಿಗೆ ಗೊತ್ತು?”

ಆ ದನಿಯಲ್ಲಿದ್ದ ತಣ್ಣಗಿನ ನಗೆ ರಾಯರನ್ನು ಕೆಣಕಿತು. ಎದುರಿಗೇ ಲಾರಿ ತೂಗುವ ಕಾಂಟಾ ಇತ್ತು; ಅದನ್ನು ಹತ್ತುವುದು ಕಾರು, ತಾನಲ್ಲವಲ್ಲ. “ತೂಕ ಹಾಕಿಸಿಯೇ ಬಿಡುವ! ಇಬ್ಬರಿಗೆ ಎಪ್ಪತ್ತೊಂದು ಧಾರಾಳ ಸಾಕು ಅಂತ ಈಗಲೇ ತೋರಿಸ್ತೇನೆ.”

“ತೂಕ ಏನರ ಬರ್ಲಿ, ಕಂಪನಿ ಹೇಳಿದ್ದಕ್ಕಿಂತ ಕಡಿಮಿ ಹಾಕಬ್ಯಾಡ್ರಿ,” ಎಂದು ಮುರಾರಿ ಗೋಗರೆಯುತ್ತಿದ್ದಂತೆ ಕಾರು ಕಾಂಟಾದ ಮೇಲೇರಿತ್ತು. ಒಂದು ಚೀಟಿ ಬಂತು.

“ನೀವೊಮ್ಮೆ ಇಳೀರಿ,” ಎಂದಳು ಜಲಜಾಕ್ಷಿ. “ಒಬ್ಬೊಬ್ಬರದೇ ಲೆಕ್ಕ ಸಿಗ್ತದಲ್ಲ. ನನಗೆ ಮೊಣಕಾಲು ನೋವು, ಕೂತೇ ಇರ್ತೇನೆ.”

ರಾಯರು ಇಳಿದರು. ಇಳಿದವರೇ, ಕಾಂಟಾದ ಕೆಂಪು ಅಂಕಿ ಕಣ್ಣಿಗೆ ಬೀಳದ ಹಾಗೆ ಬೆನ್ನು ತಿರುಗಿಸಿ ಕಬ್ಬಿನ ಹಾಲಿನ ಗಾಡಿಯತ್ತ ನಡೆದರು. ಅವರು ಮರಳುವಷ್ಟರಲ್ಲಿ ಎರಡೂ ಚೀಟಿ ಹೆಂಡತಿಯ ಪರ್ಸಿನೊಳಗಿದ್ದವು.

“ಎಷ್ಟು ಬಂತು?”

“ಬಾಯಿಬಿಟ್ಟು ಹೇಳಬೇಕಾ? ಎಲ್ಲರೂ ಕೇಳಿಸಿಕೊಳ್ತಾರೆ.”

ರಾಯರು ತಕ್ಷಣ ಎಪ್ಪತ್ತೈದರ ನಾಲ್ಕು ಟಯರು ಹಾಕಿಸಿದರು.

ಸಂಜೆ ಬಾಲ್ಕನಿಯಿಂದ ಹೆಂಡತಿಯ ಪಿಸುಮಾತು ಕೇಳಿತು. ಬಾಗಿಲ ಹಿಂದೆ ನಿಂತರು. “ಹೌದು ಮಧ್ವೇಶ, ನೂರ ಹತ್ತು ಕಿಲೋ. ಟಯರ್ ತಡೀತದಂತೆ. ಗುರುವಾರ ಬೆಳಿಗ್ಗೆ ಐದಕ್ಕೆ ಕೆಳಗೆ ಬಂದುಬಿಡು. ಹಿಂದಿನ ಸೀಟು ಖಾಲಿ ಇಟ್ಟಿರ್ತೇನೆ. ಇವರಿಗೆ ಹೇಳಬೇಡ ಮತ್ತೆ!”

ನೂರ ಹತ್ತು! ಆ ದಡಿಯನಿಗೆ ನೂರ ಹತ್ತು, ಕುರ್ಚಿ ಮಾತ್ರ ತನಗೆ ಎರಡು! ರಾಯರಿಗೆ ಉರಿಯಿತು, ಒಳಗೊಳಗೇ ಖುಷಿಯೂ ಆಯಿತು. ಅವನನ್ನು ಗೇಟಿನಲ್ಲೇ ನಿಲ್ಲಿಸಿ ಹೇಳಬೇಕಾದ ಮಾತನ್ನು ಮೂರು ದಿನ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದರು: “ನನ್ನ ಕಾರು ನೂರ ಹತ್ತು ಕಿಲೋದ ಗುಡಾಣ ಹೊರುವುದಿಲ್ಲ!”

ಗುರುವಾರ ಬೆಳಿಗ್ಗೆ ಬ್ಯಾಗು ಹಿಡಿದು ಕೆಳಗಿಳಿದಾಗ ಮಧ್ವೇಶ ಬೆವರೊರೆಸಿಕೊಳ್ಳುತ್ತ ಕಾರಿನ ಹಿಂಬಾಗಿಲು ಮುಚ್ಚುತ್ತಿದ್ದ. ರಾಯರು ಎದೆಯುಬ್ಬಿಸಿ, ಅಭ್ಯಾಸ ಮಾಡಿದ ಮಾತನ್ನು ಒಂದಕ್ಷರ ಬಿಡದೆ ಒದರಿದರು. ವಾಚ್‌ಮನ್ ಕೂಡ ತಿರುಗಿ ನೋಡಿದ.

ಮಧ್ವೇಶ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು.

“ನಾನೆಲ್ಲಿಗೆ ಬರೋದು ಭಾವ? ನನಗೆ ಅಂಗಡಿ ಉಂಟು,” ಎಂದ ಅವನು. “ಸಾಮಾನು ಇಡಲಿಕ್ಕೆ ಬಂದದ್ದು. ಹುಷಾರಾಗಿ ಹೋಗಿಬನ್ನಿ.”

ರಾಯರು ಕಿಟಕಿಯಿಂದ ಇಣುಕಿದರು. ಹಿಂದಿನ ಸೀಟಿನ ಮೇಲೂ ಕೆಳಗೂ ಗೋಣಿ ಹೊದ್ದ ಕೊಲ್ಹಾಪುರದ ಬೆಲ್ಲದ ಪೆಂಟೆಗಳು. ಹತ್ತು ಹತ್ತು ಕಿಲೋದ ಹನ್ನೊಂದು.

“ನಿಮ್ಮ ತುಲಾಭಾರಕ್ಕೆ,” ಎಂದಳು ಜಲಜಾಕ್ಷಿ. “ನಿಮ್ಮನ್ನು ಆಪರೇಷನ್ ಕೋಣೆಗೆ ಒಯ್ದಾಗ ಹೊತ್ತ ಹರಕೆ. ಊರವರೆದುರು ನೀವು ತಕ್ಕಡಿ ಹತ್ತುವವರಲ್ಲ. ತೂಕದಷ್ಟು ಬೆಲ್ಲ ಒಪ್ಪಿಸಿದರೂ ಸಾಕು ಅಂದರು ಉಡುಪಿ ಮಠದ ಭಟ್ರು. ಅದಕ್ಕೇ ಅವತ್ತು ನಿಮ್ಮನ್ನು ಕಾರಿನ ಸಮೇತ ಹತ್ತಿಸಿ, ಆಮೇಲೆ ನಿಮ್ಮೊಬ್ಬರನ್ನೇ ಇಳಿಸಿದ್ದು.”

ಆಮೇಲೆ ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತ ಅಂದಳು: “ಹೊರಡಿ ಮಾರಾಯ್ರೆ, ಹಿಂದೆ ಕೂತಿರುವ ಗುಡಾಣ ನೀವೇ.”